ಹೊಗೆಯಿಲ್ಲದ ಹಡಗು ಯಾರಿಗೆ? ಫ್ರೆಂಚ್ ಡೆಸ್ಟ್ರಾಯರ್‌ಗಳಲ್ಲಿ ಒಂದನ್ನು ಆರಿಸುವ ಬಗೆ

ವರ್ಲ್ಡ್ ಆಫ್ ವಾರ್‌ಶಿಪ್ಸ್ ಎಂಬ ನೌಕಾಯುದ್ಧದ ಆನ್‌ಲೈನ್ ಆಟ ಆಡುವ ಪರಿಚಯದವರು ನನ್ನನ್ನು ಅತಿ ಹೆಚ್ಚು ಸಲ ಕೇಳಿರುವುದು ಒಂದೇ ಪ್ರಶ್ನೆ: ಲ ತೆರಿಬ್ಲ್ ಹಡಗನ್ನು ದುಡ್ಡು ಕೊಟ್ಟು ಕೊಳ್ಳಬೇಕೋ, ಇಲ್ಲವೆ ಫ್ರೆಂಚ್ ಡೆಸ್ಟ್ರಾಯರ್ (ಟಾರ್ಪೆಡೊ ಹೊತ್ತ ವೇಗದ ಸಣ್ಣ ಸಮರನೌಕೆ) ಸಾಲನ್ನು ಕೆಳಗಿನಿಂದ ಆಡುತ್ತ ಹೋಗಿ ಲ ಫಾಂತಾಸ್ಕ್ ಮುಟ್ಟಬೇಕೋ? ಎರಡೂ ಟಿಯರ್ 8ರ ಹಡಗುಗಳು; ಟಿಯರ್ ಎಂದರೆ ಆಟದಲ್ಲಿ ಹಡಗಿನ ದರ್ಜೆ, ಸಂಖ್ಯೆ ಏರಿದಷ್ಟೂ ಬಲ ಹೆಚ್ಚು. ನಿಜದ ಸಮುದ್ರದಲ್ಲಿ ಅವು ಒಂದೇ ನಕ್ಷೆಯ ಮೇಲೆ ಕಟ್ಟಿದ ಒಡಹುಟ್ಟುಗಳು. ಪ್ರಶ್ನೆ ಸಣ್ಣದು, ಆದರೆ ಉತ್ತರಿಸಲು ಹೊರಟರೆ ಇಡೀ ಸಾಲನ್ನೇ ನೋಡಬೇಕಾಗುತ್ತದೆ, ಏಕೆಂದರೆ ಫ್ರೆಂಚ್ ಡೆಸ್ಟ್ರಾಯರ್‌ಗಳು ಬೇರೆ ದೇಶಗಳ ಡೆಸ್ಟ್ರಾಯರ್‌ಗಳಂತೆ ಆಡಿಸಿಕೊಳ್ಳುವುದಿಲ್ಲ. ಜಪಾನಿನ ಅಥವಾ ಅಮೆರಿಕದ ಡೆಸ್ಟ್ರಾಯರ್‌ಗಳಲ್ಲಿ ಕೈ ಪಳಗಿದವರು ಅದೇ ಅಭ್ಯಾಸದಲ್ಲಿ ಇವನ್ನು ಹತ್ತಿ ಮೂರನೆಯ ನಿಮಿಷಕ್ಕೆ ಮುಳುಗಿ, ಹಡಗೇ ಕೆಟ್ಟದ್ದೆಂದು ಬೈದದ್ದನ್ನು ಬಹಳ ಸಲ ಕಂಡಿದ್ದೇನೆ. ಆ ಬೈಗುಳದಲ್ಲಿ ಒಂದು ಕಾಲದಲ್ಲಿ ನನ್ನ ಪಾಲೂ ಇತ್ತು.

ಮೊದಲು ತಿಳಿಯಬೇಕಾದದ್ದು ಇಷ್ಟು. 2019ರಲ್ಲಿ ಆಟಕ್ಕೆ ಬಂದ ಫ್ರೆಂಚ್ ಸಾಲಿನ ಡೆಸ್ಟ್ರಾಯರ್‌ಗಳಿಗೆ ಹೊಗೆ ಪರದೆ ಬಿಡುವ ಸೌಲಭ್ಯವೇ ಇಲ್ಲ. ಉಳಿದ ದೇಶಗಳ ಬಹುಪಾಲು ಡೆಸ್ಟ್ರಾಯರ್‌ಗಳು ಸಿಕ್ಕಿಬಿದ್ದಾಗ ಗುಂಡಿ ಒತ್ತಿ ಬಿಳಿ ಮೋಡದೊಳಗೆ ಸೇರಿಕೊಂಡರೆ, ಇವು ಓಡಬೇಕು. ಆ ಕೊರತೆಗೆ ಪ್ರತಿಯಾಗಿ ಆಟದವರು ಮೂರು ಅನುಕೂಲ ಕೊಟ್ಟಿದ್ದಾರೆ. ಮೇಲಿನ ಟಿಯರ್‌ಗಳಲ್ಲಿ ಎಂಜಿನ್ ಬೂಸ್ಟ್ ವೇಗವನ್ನು ಶೇ. 20ರಷ್ಟು ಏರಿಸುತ್ತದೆ; ಸಾಮಾನ್ಯ ಡೆಸ್ಟ್ರಾಯರ್‌ಗೆ ಸಿಗುವುದು ಶೇ. 8 ಮಾತ್ರ. ಟಿಯರ್ 8ರ ಹೊತ್ತಿಗೆ ತೋಪುಗಳನ್ನು ಕೆಲವು ಸೆಕೆಂಡುಗಳ ಕಾಲ ದುಪ್ಪಟ್ಟು ವೇಗದಲ್ಲಿ ತುಂಬುವ ರೀಲೋಡ್ ಬೂಸ್ಟರ್ ಜೊತೆಗೂಡುತ್ತದೆ. ಮೂರನೆಯದು ಹಲವರ ಕಣ್ಣಿಗೆ ಬೀಳದ ಸಂಗತಿ: ಹಡಗಿನ ಒಂದೇ ಭಾಗಕ್ಕೆ ಮತ್ತೆ ಮತ್ತೆ ಗುಂಡು ಬಿದ್ದಾಗ ಆ ಭಾಗ ಬೇಗನೆ ಜಡಗಟ್ಟಿ, ನಂತರದ ಗುಂಡುಗಳ ಹಾನಿ ಬಹಳಷ್ಟು ಇಳಿಯುತ್ತದೆ. ಈ ಮೂರನ್ನೂ ಕೂಡಿಸಿ ನೋಡಿದರೆ ಹಡಗು ಯಾವ ಬಗೆಯದ್ದೆಂದು ಹೊಳೆಯುತ್ತದೆ. ಅದು ಅಡಗಲಾರದು, ಕಂಡೂ ಬದುಕಬಲ್ಲದು. ಆದ್ದರಿಂದ ಆಯ್ಕೆಯ ಪ್ರಶ್ನೆ ತೋಪಿನ ಸಂಖ್ಯೆಯದ್ದೂ ಅಲ್ಲ, ಟಾರ್ಪೆಡೊ ದೂರದ್ದೂ ಅಲ್ಲ. ಬೆನ್ನು ತಿರುಗಿಸುವ ಹೊತ್ತು ಯಾವುದೆಂದು ನಿಮಗೆ ಎಷ್ಟು ಬೇಗ ತಿಳಿಯುತ್ತದೆ ಎನ್ನುವುದರ ಮೇಲೆ ಯಾವ ಹಡಗು ನಿಮ್ಮದೆಂಬುದು ನಿಲ್ಲುತ್ತದೆ.

ಹೊಗೆಯಿಲ್ಲದಿರುವುದು ಆಟದ ಸಮತೋಲಕ್ಕಾಗಿ ಮಾಡಿದ ಏರ್ಪಾಡೇ ಹೊರತು ಇತಿಹಾಸವಲ್ಲ. 1942ರ ನವೆಂಬರ್‌ನಲ್ಲಿ ಮೊರೊಕ್ಕೊದ ಕಾಸಾಬ್ಲಾಂಕಾದ ಮುಂದೆ ಅಮೆರಿಕದ ಹಡಗುಗಳನ್ನು ಎದುರಿಸಿದ, ಜರ್ಮನಿಗೆ ಶರಣಾದ ವಿಷೀ ಸರಕಾರದಡಿಯ ಫ್ರೆಂಚ್ ಡೆಸ್ಟ್ರಾಯರ್‌ಗಳು ಹೊಗೆ ಬಿಟ್ಟುಕೊಂಡೇ ಕಾದಿದ್ದವು. ಆದರೆ ಗಾತ್ರ ಮತ್ತು ವೇಗದ ಮಾತು ಬಂದಾಗ ಆಟ ಇತಿಹಾಸದಿಂದ ದೂರ ಹೋಗಿಲ್ಲ. ಮೊದಲ ಮಹಾಯುದ್ಧದ ನಂತರ ಫ್ರಾನ್ಸಿನ ಪಾಲಿಗೆ ಬಂದ ಜರ್ಮನಿಯ ಎಸ್ 113 ಎಂಬ ದೊಡ್ಡ ಡೆಸ್ಟ್ರಾಯರ್‌ನ ಅನುಭವ ಒಂದು ಕಡೆ, ಮೆಡಿಟರೇನಿಯನ್‌ನಲ್ಲಿ ಇಟಲಿಯ ಲಿಯೋನೆ ವರ್ಗದ ಶೋಧ ನೌಕೆಗಳ ಸವಾಲು ಇನ್ನೊಂದು ಕಡೆ; ಇವೆರಡರ ನಡುವೆ ಫ್ರೆಂಚರು ಕೊಂತ್ರ್-ತೋರ್ಪಿಯೋರ್ ಎಂಬ ಬೇರೆಯದೇ ಜಾತಿಯ ಹಡಗನ್ನು ರೂಪಿಸಿಕೊಂಡರು. ಬ್ರಿಟಿಷರು 1,400 ಟನ್ನಿನ ಆಸುಪಾಸಿನ ಡೆಸ್ಟ್ರಾಯರ್‌ಗಳಲ್ಲಿ ತೃಪ್ತರಾಗಿದ್ದಾಗ ಫ್ರೆಂಚರ ಹಡಗು 2,100 ಟನ್‌ನಿಂದ ಶುರುವಾಗಿ 3,000 ಟನ್ ಹತ್ತಿರಕ್ಕೆ ಬೆಳೆಯಿತು. ದೊಡ್ಡ ಯುದ್ಧನೌಕೆಗಳ (ಬ್ಯಾಟಲ್‌ಶಿಪ್) ಮುಂದೆ ಓಡಿ ಶತ್ರುವನ್ನು ಹುಡುಕುವುದು, ಅವುಗಳಿಗೆ ಬೆಂಗಾವಲಾಗಿರುವುದು, ಎದುರಿನ ಸಣ್ಣ ಡೆಸ್ಟ್ರಾಯರ್‌ಗಳನ್ನು ತೋಪಿನ ಬಲದಿಂದಲೇ ಚದುರಿಸುವುದು ಇವುಗಳಿಗೆ ಒಪ್ಪಿಸಿದ ಕೆಲಸ. ಆಟದಲ್ಲೂ ಇವು ಒಳ್ಳೆಯದಾಗಿ ಮಾಡುವುದು ಇದನ್ನೇ.

ಟಿಯರ್ 5ರ ಜಾಗ್ವಾರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐದು 130 ಮಿ.ಮೀ. ತೋಪುಗಳ ಈ ಹಡಗು ನಿಧಾನವಾಗಿ ಗುಂಡು ಹಾರಿಸುತ್ತದೆ, ದೂರದಿಂದಲೇ ಕಾಣುತ್ತದೆ. ದಾಟಿಹೋಗಬೇಕಾದ ಮೆಟ್ಟಿಲೆಂದುಕೊಂಡು ಆಡಿ ಮುಗಿಸಿ. 1940ರ ಮೇ 23ರಂದು ಡಂಕರ್ಕ್ ಹತ್ತಿರ ಜರ್ಮನಿಯ ಟಾರ್ಪೆಡೊ ದೋಣಿಗಳು ನಿಜವಾದ ಜಾಗ್ವಾರ್ ಅನ್ನು ಮುಳುಗಿಸಿದವು ಎನ್ನುವುದನ್ನು ನೆನಪಿಟ್ಟುಕೊಂಡರೆ, ದ್ವೀಪದ ಮರೆಯಿಂದ ಬರುವ ಟಾರ್ಪೆಡೊಗಳ ಬಗ್ಗೆ ಎಚ್ಚರವಿದ್ದೀತು.

ನಿಜವಾದ ಹೋಲಿಕೆ ಟಿಯರ್ 6ರಲ್ಲಿ ಆರಂಭವಾಗುತ್ತದೆ, ಏಕೆಂದರೆ ಅಲ್ಲಿ ಎರಡು ದಾರಿಗಳಿವೆ: ಸಾಲಿನೊಳಗಿನ ಗೇಪಾರ್ ಮತ್ತು ದುಡ್ಡು ಕೊಟ್ಟು ಪಡೆಯುವ ಏಗ್ಲ್. ಎರಡರ ಮೇಲೂ ಐದೈದು 138.6 ಮಿ.ಮೀ. ತೋಪುಗಳಿವೆ. ಕಾಗದದ ಮೇಲೆ ಅಷ್ಟೇನೂ ಅಂತರ ಕಾಣುವುದಿಲ್ಲ. ಆದರೆ ಏಗ್ಲ್‌ಗೆ ಹೊಗೆಯುಂಟು. ಫ್ರೆಂಚ್ ಸಾಲು ಆಟಕ್ಕೆ ಬರುವ ಮೊದಲೇ ಬಂದ ಹಡಗಾದ್ದರಿಂದ ಅದಕ್ಕೆ ಹೊಸ ನಿಯಮ ತಟ್ಟಲಿಲ್ಲ. ಹೊಗೆಯನ್ನು ಬಿಟ್ಟಿರಲಾರದವರಿಗೆ, ಹೊಗೆಯೊಳಗೆ ನಿಂತು ಮಿತ್ರರು ಗುರುತಿಸಿ ಕೊಟ್ಟ ಶತ್ರುವಿನ ಮೇಲೆ ನೆಮ್ಮದಿಯಾಗಿ ಗುಂಡು ಸುರಿಸಬಯಸುವವರಿಗೆ ಏಗ್ಲ್ ಸರಿಯಾದ ಆಯ್ಕೆ. ಆದರೆ ಮುಂದೆ ಲ ಫಾಂತಾಸ್ಕ್‌ಗೋ ಟಿಯರ್ 9ರ ಮೊಗಾದೋರ್‌ಗೋ ಹೋಗುವ ಮನಸ್ಸಿದ್ದವರಿಗೆ ಏಗ್ಲ್ ಒಳ್ಳೆಯ ಗುರುವಲ್ಲ. ಈಜು ಕಲಿಯುವವನ ಸೊಂಟಕ್ಕೆ ಕಟ್ಟಿದ ಸೋರೆಬುರುಡೆಯ ಹಾಗೆ, ಅದರ ಹೊಗೆ ನಿಮ್ಮನ್ನು ತೇಲಿಸುತ್ತದೆ. ಬಿಚ್ಚಿದ ದಿನ ಮುಳುಗುತ್ತೀರಿ.

ಗೇಪಾರ್ ಕಲಿಸುವ ಪಾಠ ಬೇರೆ. ಅದಕ್ಕೆ ಒಂದು ನಿಜದ ಪ್ರಸಂಗವನ್ನೇ ಉದಾಹರಣೆಯಾಗಿ ಕೊಡಬಹುದು. 1941ರ ಜೂನ್ 9ರಂದು, ಸಿರಿಯಾ ಮತ್ತು ಲೆಬನಾನ್‌ನಲ್ಲಿ ವಿಷೀ ಫ್ರಾನ್ಸಿನ ಪಡೆಗಳಿಗೂ ಮಿತ್ರಪಡೆಗಳಿಗೂ ಕಾಳಗ ನಡೆಯುತ್ತಿದ್ದಾಗ, ಗೇಪಾರ್ ಮತ್ತು ಅದರ ಜೊತೆಯ ವಾಲ್ಮಿ ಸಿಡೋನ್ ಬಳಿಯ ಕರಾವಳಿಗೆ ಬಂದು ದಡದಲ್ಲಿ ಮುನ್ನಡೆಯುತ್ತಿದ್ದ ಸೈನಿಕರ ಮೇಲೆ ಗುಂಡು ಹಾರಿಸಿದವು. ಅಡ್ಡ ಬಂದ ಬ್ರಿಟಿಷ್ ಡೆಸ್ಟ್ರಾಯರ್ ಜೇನಸ್ ಮೊದಲಿಗೆ ಒಂಟಿಯಾಗಿ ಸಿಕ್ಕಿತು; 138.6 ಮಿ.ಮೀ. ಗುಂಡುಗಳು ಬಿದ್ದು ಅದು ನಿಂತುಹೋಯಿತು. ಜಾಕಲ್, ಐಸಿಸ್ ಮೊದಲಾದ ಬ್ರಿಟಿಷ್ ಡೆಸ್ಟ್ರಾಯರ್‌ಗಳು ಸಮೀಪಿಸುತ್ತಲೇ ಫ್ರೆಂಚ್ ಹಡಗುಗಳು ಮೂತಿ ತಿರುಗಿಸಿ ವೇಗದ ಬಲದಿಂದ ಉತ್ತರಕ್ಕೆ ಹೊರಟುಹೋದವು. ಒಂಟಿಯಾಗಿ ಸಿಕ್ಕ ಸಣ್ಣದನ್ನು ತೋಪಿನಿಂದ ಬಡಿಯುವುದು, ಲೆಕ್ಕ ತಿರುವುಮುರುವಾದ ಕ್ಷಣಕ್ಕೆ ಜಾಗ ಖಾಲಿ ಮಾಡುವುದು: ಗೇಪಾರ್ ಆಡುವ ಕ್ರಮ ಪೂರ್ತಿಯಾಗಿ ಈ ಒಂದು ಪ್ರಸಂಗದೊಳಗಿದೆ. ಜೇನಸ್ ನಿಂತದ್ದನ್ನು ಕಂಡು ಮುಗಿಸಿಯೇ ಹೋಗೋಣವೆಂದು ಫ್ರೆಂಚರು ಇನ್ನೂ ಹತ್ತು ನಿಮಿಷ ತಡೆದಿದ್ದರೆ ಕತೆ ಬೇರೆಯಾಗುತ್ತಿತ್ತು. ಆಟದಲ್ಲಿ ನಮ್ಮ ಬಹುಪಾಲು ಸಾವುಗಳು ಬರುವುದು ಆ ಹತ್ತು ನಿಮಿಷದಲ್ಲೇ.

ಗೇಪಾರ್‌ನ ತೊಡಕೆಂದರೆ ತೋಪಿನ ನಿಧಾನ. 1923ರ ಮಾದರಿಯ ಅದರ ತೋಪುಗಳು ವಾಸ್ತವದಲ್ಲೂ ನಿಮಿಷಕ್ಕೆ ಐದಾರು ಗುಂಡಿಗಿಂತ ಹೆಚ್ಚು ಹಾರಿಸಲಾರದೆ ಹೋದವು; ಏಗ್ಲ್ ವರ್ಗಕ್ಕೆ ಅರೆಸ್ವಯಂಚಾಲಿತ ಬೀಗವುಳ್ಳ 1927ರ ಮಾದರಿ ಬಂದದ್ದು ಇದೇ ಕಾರಣಕ್ಕೆ. ಆಟದ ಅಂಕಿಗಳು ಅಪ್‌ಡೇಟ್‌ನಿಂದ ಅಪ್‌ಡೇಟ್‌ಗೆ ಬದಲಾಗುತ್ತಿರುವುದರಿಂದ ಸೆಕೆಂಡುಗಳ ಪಟ್ಟಿ ಇಲ್ಲಿ ಕೊಡುವುದು ವ್ಯರ್ಥ. ಆಟದಲ್ಲಿ ಹಡಗು ಆರಿಸುವ ಬಂದರಿನ ಪರದೆಯಲ್ಲಿ ಎರಡೂ ಹಡಗುಗಳ ರೀಲೋಡ್ ಸಮಯವನ್ನು ಅಕ್ಕಪಕ್ಕ ಇಟ್ಟು ನೀವೇ ನೋಡಿಕೊಳ್ಳಿ. ನೋಡಬೇಕಾದ ಇನ್ನೊಂದು ಅಂಕಿ ತಿರುಗುವ ತ್ರಿಜ್ಯ. ಈ ಹಡಗುಗಳು ಉದ್ದ. ಉದ್ದದ ಹಡಗು ಎತ್ತಿನ ಗಾಡಿಯಂತೆ ಅಗಲವಾಗಿ ತಿರುಗುತ್ತದೆ. ಓಟವೊಂದನ್ನೇ ನೋಡಿ ಆರಿಸಿದವರು ತಿರುವಿನಲ್ಲಿ ದ್ವೀಪಕ್ಕೆ ಮೂತಿ ತಾಗಿಸಿಕೊಂಡು ನಿಲ್ಲುತ್ತಾರೆ.

ಟಿಯರ್ 7ರ ವೋಕ್ಲ್ಯಾಂಗೆ ಬಂದಾಗ ಕೆಲವರಿಗೆ ಈ ಸಾಲು ರುಚಿಸತೊಡಗುತ್ತದೆ, ಕೆಲವರು ಬಿಟ್ಟುಬಿಡುತ್ತಾರೆ. ನಾನು ಬಿಡುವ ಹಂತದಲ್ಲಿದ್ದೆ. ಟೂ ಬ್ರದರ್ಸ್ ನಕ್ಷೆ ಆಡಿದವರಿಗೆ ಗೊತ್ತು: ಮಧ್ಯದಲ್ಲಿ ಎರಡು ದೊಡ್ಡ ದ್ವೀಪಗಳು, ಅವುಗಳ ನಡುವೆ ಕಿರಿದಾದ ಕಾಲುವೆ. ವೇಗದ ಹಡಗು ಕೈಗೆ ಸಿಕ್ಕಿದ ಹೊಸತರಲ್ಲಿ ಆ ಕಾಲುವೆಯಲ್ಲಿ ನುಗ್ಗಿ ಶತ್ರುವಿನ ಬೆನ್ನಿಗೆ ಹೋಗುವ ಆಸೆ ಯಾರಿಗೂ ತಪ್ಪಿದ್ದಲ್ಲ. ಎಂಜಿನ್ ಬೂಸ್ಟ್ ಒತ್ತಿ ನುಗ್ಗಿದೆ. ಆ ತುದಿಯಲ್ಲಿ ಹೊರಬಂದಾಗ ನಾಲ್ಕು ಕಿಲೋಮೀಟರ್ ದೂರದಲ್ಲಿ ಜರ್ಮನಿಯ ಯುದ್ಧನೌಕೆ ಶಾರ್ನ್‌ಹೋರ್ಸ್ಟ್ ನಿಂತಿತ್ತು. ಅದರ ಪಕ್ಕದ ಸಣ್ಣ ತೋಪುಗಳು ತಾವಾಗಿಯೇ ಗುಂಡು ಹಾರಿಸತೊಡಗಿದವು, ದೊಡ್ಡ ಗೋಪುರಗಳು ನನ್ನತ್ತ ತಿರುಗುತ್ತಿದ್ದವು, ನಾನು ಟಾರ್ಪೆಡೊ ಬಿಡಲು ಪಕ್ಕ ಕೊಡಬೇಕಿತ್ತು, ಪಕ್ಕ ಕೊಡಲು ತಿರುಗಬೇಕಿತ್ತು, ತಿರುಗಲು ಜಾಗವಿರಲಿಲ್ಲ. ಏಳು ಟಾರ್ಪೆಡೊಗಳಲ್ಲಿ ಒಂದೂ ನೀರಿಗಿಳಿಯಲಿಲ್ಲ. ಹೊಗೆಯಿದ್ದಿದ್ದರೆ ಬದುಕುತ್ತಿದ್ದೆನೇನೋ ಎಂದು ಅಂದು ಅನಿಸಿತ್ತು. ಇಂದು ಹಾಗೆನಿಸುವುದಿಲ್ಲ. ಓಡುವ ಹಡಗಿಗೆ ಹೊರದಾರಿ ಇಲ್ಲದ ಜಾಗಕ್ಕೆ ಹೋದದ್ದೇ ತಪ್ಪು. ಹೊಗೆ ಆ ತಪ್ಪನ್ನು ಅರ್ಧ ನಿಮಿಷ ಮುಂದೂಡುತ್ತಿತ್ತು, ಅಷ್ಟೆ.

ವೋಕ್ಲ್ಯಾಂ ವರ್ಗದ ನಿಜದ ಹಡಗುಗಳ ಪಾಡು ಅದಕ್ಕಿಂತ ಕಹಿಯಾದದ್ದು. ಮಾಯೆ ಬ್ರೇಜೇ 1940ರ ಏಪ್ರಿಲ್ 30ರಂದು ಸ್ಕಾಟ್ಲೆಂಡಿನ ಗ್ರೀನಕ್‌ನಲ್ಲಿ ಲಂಗರು ಹಾಕಿ ನಿಂತಿದ್ದಾಗ ತನ್ನದೇ ಟಾರ್ಪೆಡೊ ಆಕಸ್ಮಿಕವಾಗಿ ಹೊರಬಿದ್ದು ನಾಶವಾಯಿತು. ಶೆವಾಲಿಯೆ ಪೋಲ್ 1941ರ ಜೂನ್‌ನಲ್ಲಿ ತುಲೋಂನಿಂದ ಸಿರಿಯಾಕ್ಕೆ ಮದ್ದುಗುಂಡು ಒಯ್ಯುತ್ತಿದ್ದಾಗ ಬ್ರಿಟಿಷ್ ಸ್ವೋರ್ಡ್‌ಫಿಶ್ ವಿಮಾನಗಳ ಟಾರ್ಪೆಡೊಗೆ ಸಿಕ್ಕಿತು. ಉಳಿದ ನಾಲ್ಕನ್ನು, ವೋಕ್ಲ್ಯಾಂ ಸೇರಿದಂತೆ, ಜರ್ಮನರ ಕೈಗೆ ಸಿಗಬಾರದೆಂದು 1942ರ ನವೆಂಬರ್ 27ರಂದು ತುಲೋಂ ಬಂದರಿನಲ್ಲಿ ಫ್ರೆಂಚರೇ ಮುಳುಗಿಸಿದರು. ಆಟದಲ್ಲಿ ವಿಮಾನವಾಹಕ ನೌಕೆ ಎದುರಿದ್ದ ದಿನ ಶೆವಾಲಿಯೆ ಪೋಲ್‌ನ ಗತಿ ನೆನಪಾಗುತ್ತದೆ, ಏಕೆಂದರೆ ವಿಮಾನದಿಂದ ಓಡಿ ತಪ್ಪಿಸಿಕೊಳ್ಳುವಷ್ಟು ವೇಗ ಯಾವ ಹಡಗಿಗೂ ಇಲ್ಲ.

ಇನ್ನು ಲೇಖನದ ಮೊದಲಲ್ಲಿ ಎತ್ತಿದ ಪ್ರಶ್ನೆಗೆ ಬರೋಣ. ಲ ಫಾಂತಾಸ್ಕ್ ಎಂದರೆ ಫ್ರೆಂಚಿನಲ್ಲಿ ಮನಸ್ಸು ಬಂದಂತೆ ನಡೆಯುವವನು, ಚಂಚಲ; ಲ ತೆರಿಬ್ಲ್ ಎಂದರೆ ಭಯಂಕರ. ಆರು ಹಡಗುಗಳ ಈ ವರ್ಗಕ್ಕೆ ಹೆಸರಿಟ್ಟವರು ಸ್ವಭಾವಗಳ ಪಟ್ಟಿಯನ್ನೇ ಎದುರಿಗಿಟ್ಟುಕೊಂಡಿದ್ದಂತೆ ಕಾಣುತ್ತದೆ. ಇವೆರಡರ ಜೊತೆಗೆ ಕಿಲಾಡಿಯೂ ಇದ್ದಾನೆ, ಸಾಹಸಿಯೂ ಇದ್ದಾನೆ, ಅದಮ್ಯನೂ ವಿಜಯಿಯೂ ಇದ್ದಾರೆ. 132 ಮೀಟರ್ ಉದ್ದದ, ಸುಮಾರು 2,600 ಟನ್ ತೂಕದ ಈ ಹಡಗುಗಳನ್ನು 37 ನಾಟ್ ವೇಗಕ್ಕೆಂದು ರೂಪಿಸಲಾಗಿತ್ತು. ಆದರೆ 1935ರ ಪರೀಕ್ಷಾ ಓಟದಲ್ಲಿ ಲ ತೆರಿಬ್ಲ್ 45 ನಾಟ್ ದಾಟಿತು, ಅಂದರೆ ಗಂಟೆಗೆ 83 ಕಿಲೋಮೀಟರ್‌ಗಿಂತ ಹೆಚ್ಚು. ತನ್ನ ಬಗೆಯ ಹಡಗುಗಳಲ್ಲಿ ಅದು ವಿಶ್ವದಾಖಲೆ. ಪರೀಕ್ಷೆಯ ಓಟ ಹಗುರ ಹೊರೆಯಲ್ಲಿ, ಶಾಂತ ನೀರಿನಲ್ಲಿ ನಡೆಯುತ್ತದೆ ಎನ್ನುವುದು ಬೇರೆ ಮಾತು. ಆಟದಲ್ಲಂತೂ ಎಂಜಿನ್ ಬೂಸ್ಟ್ ಹಾಕಿದಾಗ ಈ ಹಡಗುಗಳು 50 ನಾಟ್ ಮೀರುತ್ತವೆ, ನಿಜದ ದಾಖಲೆಯನ್ನೂ ಹಿಂದೆ ಹಾಕುತ್ತವೆ.

ಎರಡಕ್ಕೂ ಐದು ಒಂಟಿ ತೋಪುಗಳು, ಮೂರು ಮೂರರಂತೆ ಒಂಬತ್ತು ಟಾರ್ಪೆಡೊ ಕೊಳವೆಗಳು. ಇಲ್ಲಿ ಜೋಡಣೆಯನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಆಡುವ ರೀತಿ ಅದರಿಂದಲೇ ನಿರ್ಧಾರವಾಗುತ್ತದೆ. ಮೂತಿಯ ಕಡೆ ಎರಡು ತೋಪುಗಳು ಮೆಟ್ಟಿಲಿನಂತೆ ಒಂದರ ಹಿಂದೊಂದು; ಎರಡನೆಯ ಹೊಗೆಕೊಳವೆಯ ಹಿಂದೆ ಒಂದು; ಬಾಲದಲ್ಲಿ ಎರಡು. ಶತ್ರುವಿನತ್ತ ನುಗ್ಗುವಾಗ ಎರಡೇ ತೋಪು ಮಾತಾಡುತ್ತವೆ, ಬೆನ್ನು ಕೊಟ್ಟು ಸ್ವಲ್ಪ ಓರೆಯಾಗಿ ಓಡುವಾಗ ಮೂರು. ಹಡಗಿನ ನಕ್ಷೆಯೇ ಓಡುತ್ತ ಹೊಡೆಯೆಂದು ಹೇಳುತ್ತಿದೆ. ಟಾರ್ಪೆಡೊ ಕೊಳವೆಗಳ ಒಂದು ಗುಂಪು ಮಧ್ಯರೇಖೆಯ ಮೇಲಿದ್ದು ಎರಡೂ ಪಕ್ಕಕ್ಕೆ ತಿರುಗುತ್ತದೆ, ಉಳಿದ ಎರಡು ಗುಂಪು ಎಡಕ್ಕೊಂದು ಬಲಕ್ಕೊಂದು. ಹಾಗಾಗಿ ಒಂದು ಪಕ್ಕಕ್ಕೆ ಒಮ್ಮೆಗೆ ಸಿಗುವುದು ಆರು. ಒಂಬತ್ತೆಂದು ಲೆಕ್ಕ ಹಾಕಿ ಯುದ್ಧನೌಕೆಯ ಪಕ್ಕಕ್ಕೆ ಹೋದವರು ಕೊನೆಯ ಮೂರಕ್ಕಾಗಿ ಹಡಗನ್ನು ತಿರುಗಿಸುವಷ್ಟರಲ್ಲಿ ಮುಗಿದಿರುತ್ತಾರೆ.

ಗುಂಡಿನ ಆಯ್ಕೆಯಲ್ಲೂ ಒಂದು ಲೆಕ್ಕವಿದೆ. ಆಟದ ಸೂತ್ರದಂತೆ ಇವುಗಳ ಸಿಡಿಗುಂಡು, ಅಂದರೆ ಆಟಗಾರರ ಮಾತಿನ ಎಚ್‌ಇ, ತನ್ನ ವ್ಯಾಸದ ಆರನೆಯ ಒಂದು ಭಾಗದಷ್ಟು, ಸುಮಾರು 23 ಮಿ.ಮೀ. ಉಕ್ಕನ್ನು ಭೇದಿಸುತ್ತದೆ. ಡೆಸ್ಟ್ರಾಯರ್‌ಗಳ ಮೈಗೆ ಇದು ಧಾರಾಳ. ಆದರೆ ಟಿಯರ್ 8ರಿಂದಾಚೆಗಿನ ಬಹುತೇಕ ಯುದ್ಧನೌಕೆಗಳ ಮೂತಿಯ ತಗಡು 32 ಮಿ.ಮೀ. ಇರುವುದರಿಂದ ಅಲ್ಲಿ ಬಿದ್ದ ಗುಂಡು ಸದ್ದು ಮಾಡಿ ಸುಮ್ಮನಾಗುತ್ತದೆ. ಹೊಡೆಯಬೇಕಾದದ್ದು ಮೇಲಿನ ಕಟ್ಟಡಕ್ಕೆ. ಕ್ರೂಸರ್ (ಡೆಸ್ಟ್ರಾಯರ್‌ಗೂ ಯುದ್ಧನೌಕೆಗೂ ನಡುವಿನ ಗಾತ್ರದ ಹಡಗು) ಒಂದು ಅಜಾಗರೂಕತೆಯಿಂದ ಪಕ್ಕ ಕೊಟ್ಟರೆ ಎಪಿ, ಅಂದರೆ ಕವಚ ಭೇದಿಸುವ ಗುಂಡಿಗೆ ಬದಲಾಯಿಸಿ ರೀಲೋಡ್ ಬೂಸ್ಟರ್ ಒತ್ತಿ. ಆ ಕೆಲವು ಸೆಕೆಂಡುಗಳಲ್ಲಿ ಈ ಹಡಗು ತಾನೇ ಒಂದು ಹಗುರ ಕ್ರೂಸರ್ ಆಗಿಬಿಡುತ್ತದೆ. ಅಮೆರಿಕದಲ್ಲಿ 1943ರಲ್ಲಿ ನವೀಕರಣಗೊಂಡು ಬಂದ ನಂತರ ನಿಜದ ಲ ಫಾಂತಾಸ್ಕ್ ಮತ್ತು ಲ ತೆರಿಬ್ಲ್‌ಗಳನ್ನು ಹಗುರ ಕ್ರೂಸರ್‌ಗಳೆಂದೇ ಮರುವರ್ಗೀಕರಿಸಿದ್ದು ಇಲ್ಲಿ ನೆನಪಾಗುತ್ತದೆ.

ಆ ನವೀಕರಣದ ನಂತರ ಅವು ಮಾಡಿದ ಕೆಲಸ ಆಟಗಾರನಿಗೆ ಬಹಳ ಪರಿಚಿತವೆನಿಸುತ್ತದೆ. 1944ರಲ್ಲಿ ಇಟಲಿಯ ಪೂರ್ವ ಕರಾವಳಿಯಿಂದ ಹೊರಟು ಏಡ್ರಿಯಾಟಿಕ್ ಸಮುದ್ರದಲ್ಲಿ ರಾತ್ರಿ ಹೊತ್ತು ಭಾರಿ ವೇಗದಲ್ಲಿ ಸುತ್ತಿ, ಜರ್ಮನಿಯ ಸರಕು ಸಾಗಣೆಯ ಮೇಲೆರಗಿ ಹಿಂದಿರುಗುವುದು ಈ ವರ್ಗದ ಹಡಗುಗಳ ದಿನಚರಿಯಾಯಿತು. ಫೆಬ್ರವರಿ 29ರ ರಾತ್ರಿ, ಇಸ್ತ್ ದ್ವೀಪದ ಬಳಿ, ಲ ತೆರಿಬ್ಲ್ ಮತ್ತು ಲ ಮಾಲಾಂ ಒಂದು ಬೆಂಗಾವಲುಸಹಿತ ಸಾಲನ್ನು ಹಿಡಿದು ಕಾಪಿತಾನ್ ಡೀಡರಿಕ್ಸನ್ ಎಂಬ ಸರಕು ಹಡಗನ್ನೂ ಯುಜೆ 201 ಎಂಬ ಬೆಂಗಾವಲು ನೌಕೆಯನ್ನೂ ಮುಳುಗಿಸಿದವು. ಆ ಕಾರ್ಯಾಚರಣೆಗಳಲ್ಲಿ ಎಲ್ಲೂ ನಿಂತು ಕಾದಾಡುವ ಮಾತಿಲ್ಲ. ಅದೇ ವರ್ಷದ ಕ್ರಿಸ್‌ಮಸ್ ದಿನ ನೇಪಲ್ಸ್ ಬಳಿ ಅವೆರಡೇ ಹಡಗುಗಳು ವೇಗದಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆದು ಹಲವು ನಾವಿಕರು ಸತ್ತರು ಎಂಬುದನ್ನೂ ಹೇಳಿಬಿಡಬೇಕು. ಆಟದಲ್ಲಿ ಬೂಸ್ಟ್ ಹಾಕಿಕೊಂಡು ಮಿತ್ರನ ಹಡಗಿಗೆ ಗುದ್ದುವವರು ಇದ್ದಾರೆ, ಅಲ್ಲಿ ಯಾರ ಪ್ರಾಣವೂ ಹೋಗುವುದಿಲ್ಲ.

ಹಾಗಾದರೆ ಎರಡರಲ್ಲಿ ಯಾವುದು? ಆಡುವ ರುಚಿಯ ದೃಷ್ಟಿಯಿಂದ ನೋಡಿದರೆ ಅಂತರ ಅಷ್ಟೇನಿಲ್ಲ. ಎರಡಕ್ಕೂ ಹೊಗೆಯಿಲ್ಲ, ಎರಡಕ್ಕೂ ಬೂಸ್ಟರ್ ಇದೆ. ದುಡ್ಡಿನ ಅಂತರವೇ ದೊಡ್ಡದು, ಅದಕ್ಕೆ ಸಿಗುವುದು ಎರಡು ಅನುಕೂಲ. ಪ್ರೀಮಿಯಂ ಹಡಗಾದ್ದರಿಂದ ಲ ತೆರಿಬ್ಲ್ ಪ್ರತಿ ಪಂದ್ಯಕ್ಕೂ ಹೆಚ್ಚು ಕ್ರೆಡಿಟ್ (ಆಟದೊಳಗಿನ ಹಣ) ಗಳಿಸುತ್ತದೆ. ಜೊತೆಗೆ ನಿಮ್ಮ ಯಾವುದೇ ಫ್ರೆಂಚ್ ಡೆಸ್ಟ್ರಾಯರ್‌ನ ಕಪ್ತಾನನನ್ನು ಮರುತರಬೇತಿಯ ದಂಡವಿಲ್ಲದೆ ಅದರ ಮೇಲೆ ಕೂರಿಸಬಹುದು. ಮೊಗಾದೋರ್ ಆಡುವವರಿಗೆ ಇದು ನಿಜವಾದ ಉಪಯೋಗ. ಕಪ್ತಾನ ಲ ತೆರಿಬ್ಲ್‌ನಲ್ಲಿ ಪಳಗಿ ಮೊಗಾದೋರ್‌ಗೆ ಹಿಂದಿರುಗುತ್ತಾನೆ, ಗಳಿಸಿದ ಕ್ರೆಡಿಟ್‌ಗಳು ಮೊಗಾದೋರ್‌ನ ದುಬಾರಿ ದುರಸ್ತಿಗೆ ಹೋಗುತ್ತವೆ. ಆದರೆ ಈ ಸಾಲನ್ನು ಇನ್ನೂ ಮುಟ್ಟಿಲ್ಲದವರು ನೇರವಾಗಿ ಟಿಯರ್ 8ರ ಹಡಗು ಕೊಂಡು ಟಿಯರ್ 10ರವರೆಗಿನ ಶತ್ರುಗಳ ನಡುವೆ ಇಳಿಯುವುದು, ಸೈಕಲ್ ಕಲಿಯಲು ಹೆದ್ದಾರಿಗೆ ಹೋದಂತೆ. ಅಂಥವರಿಗೆ ನನ್ನ ಸಲಹೆ ಗೇಪಾರ್, ವೋಕ್ಲ್ಯಾಂಗಳ ಮೂಲಕ ಲ ಫಾಂತಾಸ್ಕ್. ನಿಧಾನವಾದೀತು, ದುಡ್ಡು ಉಳಿದೀತು.

ಟಿಯರ್ 8ರಲ್ಲಿ ರೇಡಾರ್ ಕ್ರೂಸರ್‌ಗಳ ಭಯ ಶುರುವಾಗುತ್ತದೆ ಎನ್ನುವುದು ಎಲ್ಲ ಡೆಸ್ಟ್ರಾಯರ್ ಆಟಗಾರರ ದೂರು. ಫ್ರೆಂಚ್ ಹಡಗಿನವರು ಮಾತ್ರ ಆ ದೂರಿನಲ್ಲಿ ಅರ್ಧಕ್ಕಷ್ಟೇ ಪಾಲುದಾರರು. ರೇಡಾರ್‌ನ ಮುಖ್ಯ ಬೇಟೆ ಹೊಗೆಯೊಳಗೆ ನಿಂತಿರುವ ಹಡಗು. ಹೊಗೆಯೇ ಇಲ್ಲದವನಿಗೆ ಕಳೆದುಕೊಳ್ಳಲು ಏನಿದೆ? ಹೇಗೂ ಕಾಣುತ್ತಲೇ ಇರುತ್ತೀರಿ, ಹೇಗೂ ಓಡುತ್ತಲೇ ಇರುತ್ತೀರಿ. ಹದಿನೈದು ಕಿಲೋಮೀಟರ್ ದೂರದಿಂದ ಯುದ್ಧನೌಕೆಯ ಗುಂಡು ಬರಲು ಎಂಟು ಹತ್ತು ಸೆಕೆಂಡು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಚುಕ್ಕಾಣಿಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುವಿ, ನಡುನಡುವೆ ವೇಗವನ್ನೂ ಏರಿಳಿಸಿದರೆ ಗುರಿಯಿಟ್ಟವನ ಲೆಕ್ಕವೆಲ್ಲ ತಪ್ಪುತ್ತದೆ. ದ್ವೀಪಗಳೇ ಇಲ್ಲದ ಓಷನ್ ನಕ್ಷೆ ಬಂದಾಗ ಉಳಿದ ಡೆಸ್ಟ್ರಾಯರ್‌ಗಳವರು ನಿಟ್ಟುಸಿರು ಬಿಟ್ಟರೆ ಫ್ರೆಂಚ್ ಹಡಗಿನವರ ಮುಖ ಅರಳುವುದು ಇದಕ್ಕೇ. ಕಪ್ತಾನನಿಗೆ ಲಾಸ್ಟ್ ಸ್ಟ್ಯಾಂಡ್ ಕೌಶಲವನ್ನು ಮೊದಲೇ ಕೊಡಿ. ಎಂಜಿನ್‌ಗೋ ಚುಕ್ಕಾಣಿಗೋ ಪೆಟ್ಟು ಬಿದ್ದಾಗ ಹಡಗು ಪೂರ್ತಿ ನಿಲ್ಲದಂತೆ ಅದು ಕಾಯುತ್ತದೆ. ಓಟವೇ ಕವಚವಾಗಿರುವ ಹಡಗು ನಿಂತರೆ ಅಲ್ಲಿಗೆ ಮುಗಿಯಿತು. ಇನ್ನೊಂದು ಮಾತು: ಈ ಆಟವನ್ನು ನಾವು ಇಲ್ಲಿಂದ ಆಡುವುದು ಸಾಮಾನ್ಯವಾಗಿ ಏಷ್ಯಾ ಸರ್ವರ್‌ನಲ್ಲಿ. ಮಳೆಗಾಲದ ಸಂಜೆ ಇಂಟರ್‌ನೆಟ್ ತಡವರಿಸುವ ಊರಿನಲ್ಲಿದ್ದೀರಾದರೆ, ಕ್ಷಣಕ್ಷಣದ ಚುಕ್ಕಾಣಿಯಿಂದ ಬದುಕುವ ಹಡಗಿಗಿಂತ ಯುದ್ಧನೌಕೆಯೇ ಅಂದಿನ ಮಟ್ಟಿಗೆ ಲೇಸು.

ಟಿಯರ್ 9ರ ಮೊಗಾದೋರ್ ನನ್ನ ಮೆಚ್ಚಿನ ಹಡಗೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಆದ್ದರಿಂದ ಮುಂದಿನ ಮಾತುಗಳನ್ನು ಸ್ವಲ್ಪ ರಿಯಾಯಿತಿ ಹಾಕಿಕೊಂಡು ಓದಿ. ಜೋಡಿ ಗೋಪುರಗಳಲ್ಲಿ ಎಂಟು ತೋಪುಗಳು, ಮುಂದೆ ನಾಲ್ಕು ಹಿಂದೆ ನಾಲ್ಕು. ರೀಲೋಡ್ ಬೂಸ್ಟರ್ ಹಾಕಿದಾಗ ಎದುರಿನ ಡೆಸ್ಟ್ರಾಯರ್ ಹೊಗೆ ಬಿಡುವ ಮೊದಲೇ ಅರ್ಧ ಕರಗಿರುತ್ತದೆ. ಟಾರ್ಪೆಡೊ ಕೊಳವೆ ಹತ್ತಿದ್ದರೂ ಎಲ್ಲವೂ ಪಕ್ಕಗಳಲ್ಲೇ ಇರುವುದರಿಂದ ಒಂದು ಕಡೆಗೆ ಐದೇ. ಲ ಫಾಂತಾಸ್ಕ್‌ಗಿಂತ ಒಂದು ಕಡಿಮೆ. ಟಾರ್ಪೆಡೊವನ್ನೇ ನೆಚ್ಚಿಕೊಂಡವರು ಇಲ್ಲಿ ನಿರಾಶರಾಗುತ್ತಾರೆ. ನಿಜದ ಮೊಗಾದೋರ್‌ನ ಜೋಡಿ ತೋಪುಗಳು ಗುಂಡು ತುಂಬುವ ತೊಂದರೆಯಿಂದ ಬಳಲಿದವು, ಕಾಗದದ ಮೇಲಿನ ವೇಗ ಸಮುದ್ರದಲ್ಲಿ ಸಿಗಲಿಲ್ಲ. ಆ ದೋಷವನ್ನು ಆಟ ದೊಡ್ಡ ಮನಸ್ಸಿನಿಂದ ಮರೆತಿದೆ. 1940ರ ಜುಲೈ 3ರಂದು ಅಲ್ಜೀರಿಯಾದ ಮೆರ್ಸ್-ಎಲ್-ಕೆಬಿರ್ ಬಂದರಿನಲ್ಲಿ ಫ್ರೆಂಚ್ ಹಡಗುಗಳ ಮೇಲೆ ನಡೆದ ದಾಳಿಯಲ್ಲಿ ಬ್ರಿಟಿಷ್ ಯುದ್ಧನೌಕೆಯ 15 ಇಂಚಿನ ಗುಂಡೊಂದು ಮೊಗಾದೋರ್‌ನ ಬಾಲಕ್ಕೆ ಬಿದ್ದು, ಅಲ್ಲಿದ್ದ ಜಲಸ್ಫೋಟಕಗಳು ಸಿಡಿದು ಹಿಂಭಾಗವೇ ಹಾರಿಹೋಯಿತು. ಬಂದರಿನ ಬಾಯಿಯಲ್ಲಿ, ಓಡಲು ಜಾಗವಿಲ್ಲದ ಕಡೆ, ಪ್ರಪಂಚದ ಅತಿ ಬಲಿಷ್ಠ ಡೆಸ್ಟ್ರಾಯರ್‌ಗಳಲ್ಲಿ ಒಂದು ಒಂದೇ ಗುಂಡಿಗೆ ನಿಂತುಹೋಯಿತು. ಟೂ ಬ್ರದರ್ಸ್ ಕಾಲುವೆಯ ನನ್ನ ಮೂರ್ಖತನಕ್ಕೂ ಅದಕ್ಕೂ ಹೋಲಿಕೆ ಸಲ್ಲದು, ಅಲ್ಲಿ ಸತ್ತವರು ನಿಜದ ಮನುಷ್ಯರು; ಆದರೆ ಇಕ್ಕಟ್ಟಿನಲ್ಲಿ ಈ ಹಡಗುಗಳಿಗೆ ಬೆಲೆಯಿಲ್ಲ ಎಂಬುದು ಎರಡು ಕಡೆಯೂ ಒಂದೇ.

ಟಿಯರ್ 10ರ ಕ್ಲೇಬೇರ್ ಎಂದೂ ನೀರಿಗಿಳಿಯದ, ಕಾಗದದಲ್ಲೇ ಉಳಿದ ಹಡಗು. ಆಟದಲ್ಲಿ ಬಲಶಾಲಿ, ಮೊಗಾದೋರ್ ಆಡಬಲ್ಲವರು ಅದನ್ನು ಆಡಬಲ್ಲರು. ನನಗೆ ಅದರ ಮೇಲೆ ಮನಸ್ಸು ನಿಲ್ಲಲಿಲ್ಲ. ಸಮುದ್ರದ ಉಪ್ಪು ತಾಗದ ಹಡಗಿಗೆ ಬೆನ್ನಿಗೊಂದು ಕತೆಯಿರುವುದಿಲ್ಲ. ಆದರೆ ಇದು ಹೋಲಿಕೆಯಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ ಕಾರಣವಲ್ಲ.

ನಿಜದ ಹಡಗನ್ನೇ ಕಣ್ಣಾರೆ ನೋಡಬೇಕೆನ್ನುವವರಿಗೆ ಒಂದು ಮಾಹಿತಿ. ಇಲ್ಲಿ ಹೇಳಿದ ವರ್ಗಗಳ ಹಡಗು ಒಂದೂ ಉಳಿದಿಲ್ಲ. ಆದರೆ ಗ್ರೀನಕ್‌ನಲ್ಲಿ ನಾಶವಾದ ಮಾಯೆ ಬ್ರೇಜೇಯ ಹೆಸರು ಹೊತ್ತು ಯುದ್ಧಾನಂತರ ಕಟ್ಟಿದ ಇನ್ನೊಂದು ಹಡಗು 1988ರಿಂದ ಫ್ರಾನ್ಸಿನ ನಾಂತ್ ನಗರದಲ್ಲಿ ಲುವಾರ್ ನದಿಯ ದಡಕ್ಕೆ ಕಟ್ಟಿ ನಿಂತಿದೆ, ಸಂಗ್ರಹಾಲಯವಾಗಿ. ಫ್ರೆಂಚ್ ನೌಕಾಪಡೆ ಅದನ್ನು ದಳದ ಬೆಂಗಾವಲು ನೌಕೆಯೆಂದು ಕರೆಯುತ್ತಿತ್ತು. ಹಳೆಯ ಕೊಂತ್ರ್-ತೋರ್ಪಿಯೋರ್‌ಗಳ ಕೆಲಸ ಕೊನೆಗೆ ಬಂದು ಸೇರಿದ್ದು ಆ ಹೆಸರಿಗೆ.

ಇನ್ನೂ ತೀರ್ಮಾನಕ್ಕೆ ಬರಲಾಗದಿದ್ದರೆ ನನ್ನ ಚಿಕ್ಕಪ್ಪನ ಮಗನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಗೇಪಾರ್ ತೆಗೆದುಕೊಂಡು ಹತ್ತು ಪಂದ್ಯ ಆಡಿ. ಕೊಂದ ಹಡಗುಗಳನ್ನು ಎಣಿಸಬೇಡಿ, ಪಂದ್ಯ ಮುಗಿಯುವಾಗ ನಿಮ್ಮ ಹಡಗು ತೇಲುತ್ತಿತ್ತೇ ಎಂಬುದನ್ನಷ್ಟೇ ಬರೆದಿಟ್ಟುಕೊಳ್ಳಿ. ಹತ್ತರಲ್ಲಿ ಐದಾರು ಸಲವಾದರೂ ತೇಲುತ್ತಿದ್ದರೆ ಸಾಲಿನಲ್ಲಿ ಮುಂದುವರಿಯಿರಿ, ಮೊಗಾದೋರ್ ಕೈಗೆ ಬಂದ ಮೇಲೆ ಬೇಕಾದರೆ ಲ ತೆರಿಬ್ಲ್‌ಗೆ ದುಡ್ಡು ಹಾಕಿ. ಎರಡೋ ಮೂರೋ ಸಲ ಮಾತ್ರ ತೇಲುತ್ತಿದ್ದರೆ ಏಗ್ಲ್ ಸಾಕು. ಅವನು ಒಂಬತ್ತನೆಯ ಪಂದ್ಯಕ್ಕೆ ಎಣಿಕೆ ನಿಲ್ಲಿಸಿ ಜಪಾನಿನ ಡೆಸ್ಟ್ರಾಯರ್‌ಗೆ ಹಿಂದಿರುಗಿದ.